ಹಳಿಗಳ ಹಳೆಯ ಕಾಗದಗಳು

ಬೆಳಗಾವಿಯಿಂದ ದೇಸೂರು, ಖಾನಾಪುರ, ಗುಂಜಿಗಳನ್ನು ದಾಟಿ ಲೋಂಡಾ ಸೇರುವ ರೈಲುಮಾರ್ಗಕ್ಕೆ ಈಗ ನೂರಮೂವತ್ತು ವರ್ಷಗಳಿಗೂ ಮಿಕ್ಕಿದ ಆಯುಸ್ಸು. ಈ ಮಾರ್ಗವನ್ನು ನಂಬಿ ಬದುಕು ಕಟ್ಟಿಕೊಂಡ ಕುಟುಂಬಗಳು ನಮ್ಮ ಸೀಮೆಯಲ್ಲಿ ಬಹಳ. ಅಜ್ಜ ಗಾರ್ಡ್ ಆಗಿದ್ದರು, ಮುತ್ತಜ್ಜ ಗ್ಯಾಂಗ್‌ಮನ್ ಆಗಿದ್ದರು ಎಂದು ಹೇಳಿಕೊಳ್ಳುವ ಮನೆಗಳ ಕಬ್ಬಿಣದ ಪೆಟ್ಟಿಗೆಗಳಲ್ಲಿ ಅಂಚು ಹರಿದ ನಿಯಮಪುಸ್ತಕ, ಹಳೆಯ ವೇಳಾಪಟ್ಟಿ, ಪ್ರಯಾಣದ ಪಾಸು, ನಿವೃತ್ತಿಯ ದಿನ ತೆಗೆಸಿದ ಗುಂಪು ಭಾವಚಿತ್ರ ಮುಂತಾದವು ಇನ್ನೂ ಉಳಿದಿರುವುದುಂಟು. ಇಂಥವುಗಳನ್ನು ಹುಡುಕಿ, ಶೇಖರಿಸಿ, ಕಾಪಾಡುವ ಹವ್ಯಾಸವು ಜಗತ್ತಿನ ಅನೇಕ ದೇಶಗಳಲ್ಲಿದೆ. ನಮ್ಮಲ್ಲಿ ಅದು ಹವ್ಯಾಸಕ್ಕಿಂತ ಹೆಚ್ಚಿನದು; ಬರೆದಿಡದ ಒಂದು ಚರಿತ್ರೆಯನ್ನು ಉಳಿಸಿಕೊಳ್ಳುವ ಕೆಲಸ.

ಈ ಮಾರ್ಗದ ಮೂಲದಲ್ಲಿರುವುದು ಹಸಿವು. 1876ರಿಂದ 1878ರವರೆಗೆ ದಖನ್ ಪ್ರಸ್ಥಭೂಮಿಯನ್ನು ಕಾಡಿದ ಭೀಕರ ಕ್ಷಾಮದಲ್ಲಿ ಧಾನ್ಯವಿದ್ದ ಕಡೆಯಿಂದ ಧಾನ್ಯವಿಲ್ಲದ ಕಡೆಗೆ ಅದನ್ನು ಸಾಗಿಸಲು ಚಕ್ಕಡಿಗಳನ್ನೇ ನೆಚ್ಚಬೇಕಾಗಿತ್ತು. ಕ್ಷಾಮನಿವಾರಣೆಗಾಗಿ ರೈಲು ಬೇಕೆಂಬ ಒತ್ತಾಯದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹಳಿಗಳ ನಡುವಣ ಅಂತರ ಒಂದು ಮೀಟರ್. ಇಂದು ಧಾರವಾಡದ ಕರ್ನಾಟಕ ಕಾಲೇಜು ಇರುವ ಭವ್ಯ ಕಟ್ಟಡವು ಮೊದಲು ಈ ಕಂಪನಿಯ ಮುಖ್ಯ ಕಚೇರಿಯಾಗಿತ್ತು. ಅತ್ತ ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ ಮುರಗಾಂವ್ ಬಂದರಿನಿಂದ ಹೊರಟ ಮಾರ್ಗವು ಘಟ್ಟವನ್ನೇರಿ 1888ರಲ್ಲಿ ಕ್ಯಾಸಲ್‌ರಾಕ್ ತಲುಪಿತು. ಅದೇ ದಶಕದಲ್ಲಿ ಖಾನಾಪುರದ ಕಾಡನ್ನು ಸೀಳಿಕೊಂಡು ಬೆಳಗಾವಿಯೂ ಈ ಜಾಲಕ್ಕೆ ಸೇರಿತು. 1884ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಬೆಳಗಾವಿ ಸಂಪುಟವು ಇಲ್ಲಿಗೆ ರೈಲು ಬರುವುದಕ್ಕೆ ಮುಂಚಿನದು. ಅದನ್ನೂ ಮುಂದಿನ ವರ್ಷಗಳ ವೇಳಾಪಟ್ಟಿಗಳನ್ನೂ ಜೊತೆಗಿಟ್ಟು ಓದಿದರೆ ಊರಿನ ಬದುಕು ಎಷ್ಟು ಬೇಗ ಬದಲಾಯಿತೆಂಬುದು ತಿಳಿಯುತ್ತದೆ.

ಹಳೆಯ ಕಾಗದವೊಂದು ಕೈಗೆ ಬಂದಾಗ ಅದರ ಕಾಲವನ್ನು ಗುರುತಿಸುವುದೇ ಸಂಗ್ರಾಹಕನ ಮೊದಲ ಕೆಲಸ. ಇಸವಿ ಅಳಿಸಿಹೋಗಿದ್ದರೂ ತಲೆಬರಹದಲ್ಲಿರುವ ಹೆಸರು ನೆರವಿಗೆ ಬರುತ್ತದೆ. ಸದರ್ನ್ ಮರಾಠಾ ಎಂದಷ್ಟೇ ಇದ್ದರೆ ಅದು 1907ರೊಳಗಿನದು. 1908ರ ಜನವರಿಯಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಹಿರಿಯರ ಬಾಯಲ್ಲಿ ‘ಎಂ ಅಂಡ್ ಎಸ್ಸೆಮ್’ ಎಂದೇ ಅದರ ಹೆಸರು. 1944ರಲ್ಲಿ ಅದನ್ನು ಸರ್ಕಾರವು ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ, 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈಋತ್ಯ ರೈಲ್ವೆ ರೂಪುಗೊಂಡವು. ಹೀಗೆ ಒಂದೇ ಹಳಿಯ ಮೇಲೆ, ಒಂದೇ ಮನೆಯ ಮೂರು ನಾಲ್ಕು ತಲೆಮಾರಿನವರು ಬೇರೆಬೇರೆ ಹೆಸರಿನ ಸಂಸ್ಥೆಗಳಿಗೆ ದುಡಿದರು. ಊರಿನ ಹೆಸರೂ ಸಾಕ್ಷಿ ನುಡಿಯುತ್ತದೆ: 2014ರ ನವೆಂಬರ್ 1ರವರೆಗೆ ಇಂಗ್ಲಿಷ್ ಕಾಗದಗಳಲ್ಲಿ ಇದ್ದುದು ಬೆಳಗಾಂ ಎಂದೇ.

ಸಂಗ್ರಹಗಳಲ್ಲಿ ಅತ್ಯಂತ ನೀರಸವಾಗಿ ಕಾಣುವುದು ನಿಯಮಪುಸ್ತಕ. ಆದರೆ ತಾಳ್ಮೆಯಿಂದ ಓದುವವನಿಗೆ ಅತ್ಯಂತ ಹೆಚ್ಚು ಹೇಳುವುದೂ ಅದೇ. 1890ರ ರೈಲ್ವೆ ಅಧಿನಿಯಮದಿಂದ ಬಲ ಪಡೆದ ಸಾಮಾನ್ಯ ನಿಯಮಗಳೂ, ಆಯಾ ರೈಲ್ವೆಯು ಸೇರಿಸಿದ ಉಪನಿಯಮಗಳೂ ಅದರಲ್ಲಿರುತ್ತವೆ. ಪುಸ್ತಕವನ್ನು ಪಡೆದ ನೌಕರನು ಅದನ್ನು ಕೆಲಸದ ವೇಳೆಯಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಕಾಲಕಾಲಕ್ಕೆ ಬರುವ ತಿದ್ದುಪಡಿ ಚೀಟಿಗಳನ್ನು ಸರಿಯಾದ ಪುಟದಲ್ಲಿ ಅಂಟಿಸಬೇಕು. ಈ ಚೀಟಿಗಳೇ ಸಂಗ್ರಾಹಕನಿಗೆ ನಿಧಿ. ರೈಲ್ವೆಯ ನಿಯಮಗಳಲ್ಲಿ ಹಲವು ಎಲ್ಲಿಯೋ ನಡೆದ ಅಪಘಾತದ ವಿಚಾರಣೆಯಿಂದ ಹುಟ್ಟಿದವು. ಅಂಟು ಒಣಗಿ ಮೇಲೆದ್ದ ಪುಟ್ಟ ಚೀಟಿಯೊಂದರ ಹಿಂದೆ ಪ್ರಾಣ ಕಳೆದುಕೊಂಡವರ ಕಥೆ ಇರಬಹುದು.

ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ತಡೆದ ಬಗೆಯನ್ನು ನೋಡಿ. ದಕ್ಷಿಣದ ಮಾರ್ಗಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನೀಲ್ ಎಂಬ ಹೆಸರಿನ ಯಂತ್ರ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿದ್ದು, ಅವು ವಿದ್ಯುತ್ ತಂತಿಯಿಂದ ಬೆಸೆದುಕೊಂಡಿರುತ್ತಿದ್ದವು. ಮುಂದಿನ ನಿಲ್ದಾಣದವನು ಒಪ್ಪಿಗೆ ಕೊಟ್ಟರೆ ಮಾತ್ರ ಉಕ್ಕಿನ ಚೆಂಡೊಂದು ಹೊರಬರುತ್ತಿತ್ತು. ಅದು ಮತ್ತೆ ಯಂತ್ರವನ್ನು ಸೇರುವವರೆಗೆ ಎರಡನೆಯ ಚೆಂಡು ಹೊರಬರುವಂತಿರಲಿಲ್ಲ. ಚೆಂಡನ್ನು ಚೀಲದಲ್ಲಿಟ್ಟು ಬಳೆಯಂಥ ದೊಡ್ಡ ಹಿಡಿಗೆ ಕಟ್ಟಿ, ಓಡುವ ಇಂಜಿನ್ನಿನವನ ಕೈಗೆ ಒಪ್ಪಿಸುತ್ತಿದ್ದರು. ಅದು ಕೈಯಲ್ಲಿಲ್ಲದೆ ಚಾಲಕನು ಮುಂದೆ ಹೋಗುವಂತಿರಲಿಲ್ಲ. ಸುರಿವ ಮಳೆಯ ನಡುರಾತ್ರಿಯಲ್ಲಿ, ಕಾಡಿನ ನಡುವಣ ಚಿಕ್ಕ ನಿಲ್ದಾಣದಲ್ಲಿ ಲಾಟೀನು ಹಿಡಿದು ನಿಂತ ಮನುಷ್ಯನ ಎಚ್ಚರದ ಮೇಲೆ ನೂರಾರು ಪ್ರಯಾಣಿಕರ ನಿದ್ದೆ ನಿಂತಿತ್ತು.

ಆದರೆ ನಿಯಮಪುಸ್ತಕದಲ್ಲಿ ಯಾರ ಹೆಸರೂ ಇಲ್ಲ. ಅಲ್ಲಿರುವುದು ಸ್ಟೇಷನ್ ಮಾಸ್ತರ, ಪಾಯಿಂಟ್ಸ್‌ಮನ್, ಕೀಮನ್ ಎಂಬ ಪದವಿಗಳು ಮಾತ್ರ. ಪುಸ್ತಕದ ಭಾಷೆ ಇಂಗ್ಲಿಷ್. ಅದನ್ನು ಪಾಲಿಸಬೇಕಾದವರ ಮನೆಮಾತು ಕನ್ನಡ, ಮರಾಠಿ ಅಥವಾ ಕೊಂಕಣಿ. ಅಕ್ಷರ ಬಾರದವರು ಕೇಳಿ, ನೋಡಿ, ಕೈಸನ್ನೆಯಿಂದ ನಿಯಮಗಳನ್ನು ಕಲಿತರು. ಬ್ರಿಟನ್ನಿನಲ್ಲಿ ನೇಮಕಗೊಂಡು ಬಂದ ರೈಲ್ವೆ ನೌಕರರ ಒಪ್ಪಂದಪತ್ರಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಇಂದಿಗೂ ನೋಡಸಿಗುತ್ತವೆ. ಖಾನಾಪುರದ ಗ್ಯಾಂಗ್‌ಮನ್‌ಗೆ ಅಂಥ ಭಾಗ್ಯವೆಲ್ಲಿ? ಅವನ ಹೆಸರು ಉಳಿದಿದ್ದರೆ ಮನೆಯ ಪೆಟ್ಟಿಗೆಯ ಪಾಸಿನಲ್ಲಿ, ಒಂದು ಭಾವಚಿತ್ರದ ಬೆನ್ನಿನಲ್ಲಿ, ಇಲ್ಲವೆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ.

ಧರ್ಮಕೇಂದ್ರದ ದಾಖಲೆಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ದೀಕ್ಷಾಸ್ನಾನ, ವಿವಾಹ, ಮರಣಗಳ ಹಳೆಯ ಪುಸ್ತಕಗಳಲ್ಲಿ ಹೆಸರಿನ ಜೊತೆಗೆ ತಂದೆಯ ಉದ್ಯೋಗವನ್ನೂ ಬರೆಯುವ ವಾಡಿಕೆ ಹಲವೆಡೆ ಇತ್ತು. ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕೆ ಹಿಂದಿನ ದಾಖಲೆಗಳನ್ನು ಹುಡುಕುವವರು ಗೋವಾ ಮತ್ತು ಪುಣೆಯ ಧರ್ಮಪ್ರಾಂತ್ಯಗಳ ಕಡೆಗೂ ನೋಡಬೇಕಾಗುತ್ತದೆ. ಲ್ಯಾಟಿನ್, ಪೋರ್ಚುಗೀಸ್ ಭಾಷೆಗಳ ಬರಹವನ್ನು ಓದಬಲ್ಲವರ ನೆರವೂ ಬೇಕಾದೀತು.

ಕಾಗದಗಳಲ್ಲಿ ಗಡಿಯ ಕಥೆಯೂ ಇದೆ. ಕ್ಯಾಸಲ್‌ರಾಕ್ ಬ್ರಿಟಿಷ್ ಭಾರತದ ಕೊನೆಯ ನಿಲ್ದಾಣವಾಗಿತ್ತು. ಅಲ್ಲಿಂದ ಮುಂದೆ ದೂಧಸಾಗರದ ಇಳಿಜಾರಿನಲ್ಲಿ ಪೋರ್ಚುಗೀಸ್ ರಾಜ್ಯ. ಸುಂಕದ ಕಟ್ಟೆಯಲ್ಲಿ ಪ್ರಯಾಣಿಕರ ಗಂಟುಮೂಟೆಗಳನ್ನು ಬಿಚ್ಚಿ ನೋಡುತ್ತಿದ್ದರು. 1955ರಲ್ಲಿ ಸಂಬಂಧ ಕೆಟ್ಟು ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆಯು ಭಾರತಕ್ಕೆ ಸೇರಿದ ಮೇಲೆಯೇ ಹಳಿ ಮತ್ತೆ ಕೂಡಿತು. ಘಟ್ಟದ ಎರಡೂ ಬದಿಯಲ್ಲಿ ಬಂಧುಗಳಿದ್ದ ಕುಟುಂಬಗಳಿಗೆ ಆ ವರ್ಷಗಳ ಅಗಲಿಕೆ ಎಂಥದಾಗಿತ್ತೆಂಬುದನ್ನು ಅಂದಿನ ಒಂದು ಪತ್ರ, ಒಂದು ಪರವಾನಗಿ ಚೀಟಿ ಹೇಳಬಲ್ಲುದು.

ಇವೆಲ್ಲವೂ ಈಗ ಬೇಗಬೇಗನೆ ಕಣ್ಮರೆಯಾಗುತ್ತಿವೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಅದರೊಂದಿಗೆ ಅದಕ್ಕೆ ಸೇರಿದ ನಕ್ಷೆ, ಪಟ್ಟಿ, ಪುಸ್ತಕಗಳು ನಿರುಪಯುಕ್ತವಾದವು. ಬೆಳಗಾವಿಯ ಪುನರ್ನಿರ್ಮಿತ ನಿಲ್ದಾಣವು 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು; ಲೋಂಡಾ-ಬೆಳಗಾವಿ-ಘಟಪ್ರಭಾ ಮಾರ್ಗದ ಜೋಡಿಹಳಿಯೂ ಅಂದೇ ಲೋಕಾರ್ಪಣೆಯಾಯಿತು. ಪ್ರಯಾಣಿಕರಿಗೆ ಇವು ಬೇಕಾದ ಅನುಕೂಲಗಳೇ. ಆದರೆ ಹಳೆಯದು ಹೇಗಿತ್ತೆಂಬುದಕ್ಕೆ ಇನ್ನು ಚಿತ್ರಗಳೂ ಕಾಗದಗಳೂ ಮಾತ್ರ ಆಧಾರ. ಅವು ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕಕ್ಕೆ ಹೋಗುತ್ತಿವೆ. 2020ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯ, 1979ರಲ್ಲಿ ಆರಂಭವಾದ ಮೈಸೂರಿನ ಸಂಗ್ರಹಾಲಯಗಳು ಇಂಜಿನ್ನುಗಳನ್ನೂ ಸಾಮಗ್ರಿಗಳನ್ನೂ ಕಾಪಾಡುತ್ತಿವೆ. ಮನೆಯೊಳಗಿನ ಪೆಟ್ಟಿಗೆಯನ್ನು ಕಾಪಾಡಬೇಕಾದವರು ಮನೆಯವರೇ.

ಶೇಖರಣೆಗೂ ಒಂದು ಧರ್ಮವಿದೆ. ಸರ್ಕಾರಿ ಕಡತಗಳು ಸಾರ್ವಜನಿಕ ಸ್ವತ್ತು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಅವುಗಳಿಗೆ ರಕ್ಷಣೆ ನೀಡಿದೆ. ಕಚೇರಿಯಿಂದ ಗುಟ್ಟಾಗಿ ತಂದದ್ದು ಸಂಗ್ರಹವಲ್ಲ. ಚಿತ್ರಕ್ಕಾಗಿ ಪುಸ್ತಕದ ಹಾಳೆಯನ್ನು ಕತ್ತರಿಸುವುದು ಚರಿತ್ರೆಯನ್ನೇ ಕತ್ತರಿಸಿದಂತೆ. ವಸ್ತು ಯಾರ ಮನೆಯಿಂದ, ಯಾವಾಗ, ಹೇಗೆ ಬಂತೆಂಬುದನ್ನು ಬರೆದಿಡದಿದ್ದರೆ ಅದರ ಬೆಲೆ ಅರ್ಧ ಹೋದಂತೆ.

ಕಾಪಾಡುವ ವಿಧಾನ ಕಷ್ಟದ್ದಲ್ಲ. ಖಾನಾಪುರದ ಮಳೆಯಲ್ಲಿ ಕಾಗದದ ಮೊದಲ ಶತ್ರು ತೇವ. ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಗಲದಂತೆ ಇಡಬೇಕು. ಹರಿದ ಕಡೆ ಸೆಲ್ಲೋಟೇಪು ಹಚ್ಚಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಾಗಿಸುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಭಾವಚಿತ್ರದ ಎರಡೂ ಬದಿಗಳ ಪ್ರತಿ ತೆಗೆದು ಕಂಪ್ಯೂಟರಿನಲ್ಲಿ ಒಂದು, ಬಂಧುಗಳ ಬಳಿ ಒಂದು ಇರಿಸಬೇಕು. ಹಾಗೆಂದು ಮೂಲವನ್ನು ಎಸೆಯಬಾರದು.

ಎಲ್ಲಕ್ಕಿಂತ ತುರ್ತಾದ ಕೆಲಸ ಹೆಸರು ಹಚ್ಚುವುದು. ಗುಂಪು ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತ ಅಧಿಕಾರಿಯ ಹೆಸರು ಹೇಗಾದರೂ ಸಿಕ್ಕೀತು. ಹಿಂದಿನ ಸಾಲಿನಲ್ಲಿ ಬಾವುಟ ಹಿಡಿದು ನಿಂತವರ ಹೆಸರನ್ನು ಬಲ್ಲವರು ಮನೆಯ ಹಿರಿಯರು ಮಾತ್ರ. ಆದ್ದರಿಂದ ಪ್ರಿಯ ಓದುಗರೇ, ಮುಂದಿನ ಮಳೆಗಾಲಕ್ಕೆ ಮೊದಲು ಆ ಪೆಟ್ಟಿಗೆಯನ್ನು ತೆರೆಯಿರಿ. ಚಿತ್ರವನ್ನು ಅಜ್ಜ ಅಜ್ಜಿಯರ ಮುಂದಿರಿಸಿ, ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಕೇಳಿ. ಮೆತ್ತನೆಯ ಪೆನ್ಸಿಲ್ಲಿನಿಂದ ಚಿತ್ರದ ಹಿಂಬದಿಯ ಅಂಚಿನಲ್ಲಿ ಹೆಸರು, ಊರು, ಕೆಲಸಗಳನ್ನು ಬರೆಯಿರಿ. ಮಕ್ಕಳು ಪಕ್ಕದಲ್ಲಿ ಕುಳಿತಿರಲಿ. ಬರೆಯುವ ಕೆಲಸ ಅವರದಾದರೆ ಇನ್ನೂ ಒಳ್ಳೆಯದು.