ಒಂದೇ ಬೆಂಚಿನ ಚಹಾ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ, ಅಲ್ಲಿಂದ ಮಂಠಾಳದ ಕಡೆಗೆ ಹೊರಟವರು ದಾರಿಯಲ್ಲಿ ಒಮ್ಮೆಯಾದರೂ ಚಹಾಕ್ಕೆಂದು ಇಳಿಯುತ್ತಾರೆ. ಈ ಕಡೆಯ ಹಳೆಯ ಹೋಟೆಲುಗಳೆಂದರೆ ತಗಡಿನ ಮಾಡು, ನಾಲ್ಕು ಬೆಂಚು, ಸದಾ ಕುದಿಯುವ ಚಹಾದ ಪಾತ್ರೆ. ತಂದೆ ಗಲ್ಲಾಪೆಟ್ಟಿಗೆಯ ಬಳಿ, ಮಗ ಒಲೆಯ ಮುಂದೆ. ತಿನ್ನಲು ಸುಸಲಾ, ಮಿರ್ಚಿ ಭಜಿ. ಲಾರಿ ಚಾಲಕ, ರೈತ, ಶಾಲೆಯ ಮಾಸ್ತರು, ಸಂತೆಯ ವ್ಯಾಪಾರಿ ಎಲ್ಲರೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಾರೆ. ಇಂದು ಇದು ಸಹಜವಾಗಿ ಕಾಣುತ್ತದೆ. ಆದರೆ ಈ ಬೆಂಚು ನಮಗೆ ಸುಲಭವಾಗಿ ದೊರೆತದ್ದಲ್ಲ.

ಅನ್ನದ ಮಾತು ಕಲ್ಯಾಣಕ್ಕೆ ಹೊಸದೇನಲ್ಲ. ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿ, ದೋಸೆ, ವಡೆಗಳನ್ನು ಹೋಲುವ ತಿಂಡಿಗಳ ವಿವರವಿದೆ. ಅದು ಅರಮನೆಯ ಊಟ. ಕೆಲವೇ ದಶಕಗಳಲ್ಲಿ ಅದೇ ಊರಿನಲ್ಲಿ ಬಸವಣ್ಣ ಮತ್ತು ಶರಣರು ಬೇರೊಂದು ಪಂಕ್ತಿ ಹಾಕಿದರು. ಅದರ ಹೆಸರು ದಾಸೋಹ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನು ತಾನೇ ಸೇವಕ. ಹುಟ್ಟನ್ನು ಕೇಳದ ಆ ಪಂಕ್ತಿಯನ್ನು ಅಂದಿನ ಸಮಾಜ ಸಹಿಸಲಿಲ್ಲ ಎಂಬುದಕ್ಕೆ ಹರಳಯ್ಯ, ಮಧುವರಸರ ದುರಂತವೇ ಸಾಕ್ಷಿ.

ಶತಮಾನಗಳ ನಂತರ ಕಲ್ಯಾಣಿ ಎಂದು ಕರೆಸಿಕೊಳ್ಳುತ್ತಿದ್ದ ಇದೇ ಊರು ನಿಜಾಮರ ಅಧೀನದಲ್ಲಿ ನವಾಬರ ಜಹಗೀರಾಯಿತು. ಹೈದರಾಬಾದಿನಲ್ಲಿ ಕಲ್ಯಾಣಿ ನವಾಬರ ದೇವಡಿಯಿತ್ತು. ಕೋರ್ಟು, ಕಚೇರಿ ಎಂದು ತಮ್ಮ ಸೀಮೆಯಿಂದ ಅಲ್ಲಿಗೆ ಬಂದವರಿಗೆಲ್ಲ ದೇವಡಿಯಲ್ಲಿ ಬಿರಿಯಾನಿ ಬಡಿಸುತ್ತಿದ್ದರು ಎಂದು ಹೇಳುತ್ತಾರೆ. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು, ಮರುವರ್ಷ ಜಹಗೀರುಗಳು ರದ್ದಾದವು. ಆಶ್ರಯ ತಪ್ಪಿದ ಬಾಣಸಿಗರು ಬೀದಿಯಲ್ಲಿ ಅಂಗಡಿ ಹಾಕಿದರಂತೆ. ಎಮ್ಮೆಯ ಮಾಂಸ, ಟೊಮ್ಯಾಟೊ, ಜೀರಿಗೆ, ಧನಿಯಾ ಹಾಕಿ ಮಾಡುವ ‘ಕಲ್ಯಾಣಿ ಬಿರಿಯಾನಿ’ ಹೈದರಾಬಾದಿನಲ್ಲಿ ಬಡವರ ಬಿರಿಯಾನಿ ಎಂದು ಹೆಸರಾಯಿತು. ಜಹಗೀರು ಹೋಯಿತು, ಅದರ ರುಚಿ ಮಾತ್ರ ಜನರ ಪಾಲಿಗೆ ಉಳಿಯಿತು.

ಅದೇ ಹೈದರಾಬಾದಿನಲ್ಲಿ ಇರಾನಿ ಹೋಟೆಲುಗಳೂ ಬೆಳೆದಿದ್ದವು. ಪರ್ಷಿಯಾದಿಂದ ಮುಂಬಯಿ, ಪುಣೆಗಳ ಮೂಲಕ ಬಂದ ಕುಟುಂಬಗಳು ಅವುಗಳನ್ನು ನಡೆಸಿದವು. ಒಂದು ಕಪ್ಪು ಚಹಾ, ಉಸ್ಮಾನಿಯಾ ಬಿಸ್ಕತ್ತು, ಗಂಟೆಗಟ್ಟಲೆ ಮಾತು. ಹಣ ಕೊಟ್ಟವನಿಗೆಲ್ಲ ಅಲ್ಲಿ ಕುರ್ಚಿಯಿತ್ತು.

ಆದರೆ ಎಲ್ಲೆಡೆಯೂ ಹಾಗಿರಲಿಲ್ಲ. ರೈಲು ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ನೀರೂ ಬೇರೆಯಾಗಿದ್ದ ಕಾಲ ಅದು. ಹೋಟೆಲಿನ ಬೋರ್ಡಿನ ಮೇಲೆ ಜಾತಿಯ ಹೆಸರು ಇರುತ್ತಿತ್ತು. ದಲಿತರಿಗೆ ಒಳಗೆ ಪ್ರವೇಶವಿರಲಿಲ್ಲ. ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ ಕುಡಿದು, ಅದನ್ನು ತಾವೇ ತೊಳೆದಿಡಬೇಕಿತ್ತು. ಅದಕ್ಕೇ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಟ್ಟು ಹೇಳುತ್ತದೆ: ಧರ್ಮ, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನೂ ಬಂತು. ದೇಶದ ಮೂಲ ಕಾನೂನೇ ಹೋಟೆಲಿನ ಬಾಗಿಲ ಬಗ್ಗೆ ಮಾತಾಡಬೇಕಾಯಿತೆಂದರೆ, ಆ ಬಾಗಿಲು ಎಷ್ಟು ಭದ್ರವಾಗಿ ಮುಚ್ಚಿತ್ತೆಂದು ಊಹಿಸಬಹುದು. ಕಾನೂನು ಬಂದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಆ ಬೇರೆ ಲೋಟ ಮಾಯವಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಪುಣೆ–ಹೈದರಾಬಾದ್ ರಸ್ತೆ ಮೊದಲು ರಾಷ್ಟ್ರೀಯ ಹೆದ್ದಾರಿ 9 ಆಗಿತ್ತು. ಈಗ ಅದು 65. ನಾಲ್ಕು ಪಥದ ಮೇಲೆ ವಾಹನಗಳು ಊರುಗಳನ್ನು ಮುಟ್ಟದೆ ಓಡುತ್ತವೆ. ಊರೊಳಗಿನ ಹೋಟೆಲಿಗೆ ಪರವೂರ ಗಿರಾಕಿ ಅಪರೂಪವಾಗುತ್ತಾನೆ. ಇನ್ನೊಂದು ಕಡೆ, ಹೋಟೆಲಿನ ಮಾಲೀಕ ಯಾರು, ಅಡುಗೆಯವನ ಧರ್ಮ ಯಾವುದು ಎಂದು ಬೋರ್ಡು ನೋಡಿ ಒಳಗೆ ಹೋಗಬೇಕೆನ್ನುವ ಮಾತು ದೇಶದ ಅಲ್ಲಲ್ಲಿ ಮತ್ತೆ ಕೇಳಿಬರುತ್ತಿದೆ. ರಸ್ತೆ ಅಗಲವಾಗುವ ಹೊತ್ತಿಗೆ ಮನಸ್ಸು ಕಿರಿದಾಗಬಾರದು.

ದಾಸೋಹದ ಪಂಕ್ತಿಗೂ ದುಡ್ಡು ತೆಗೆದುಕೊಳ್ಳುವ ಚಹಾದಂಗಡಿಗೂ ವ್ಯತ್ಯಾಸವಿದೆ, ನಿಜ. ಆದರೂ ದಣಿದು ಬಂದ ಮುಸಾಫಿರನನ್ನು “ಬರ್ರಿ, ಕೂಡ್ರಿ” ಎಂದು ಕರೆದು, ಅವನ ಹೆಸರು ಕೇಳುವ ಮೊದಲೇ ನೀರಿನ ಲೋಟ ಮುಂದಿಡುವ ಹೋಟೆಲು ಕಲ್ಯಾಣದ ನೆನಪನ್ನು ತನಗರಿವಿಲ್ಲದೆಯೇ ಕಾಯ್ದುಕೊಂಡಿದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಐದು ನಿಮಿಷ ಇಳಿಯಿರಿ. ಬೆಂಚಿನ ಮೇಲೆ ಪಕ್ಕದವರಿಗೂ ಸ್ವಲ್ಪ ಜಾಗ ಬಿಡಿ.