ಘಟ್ಟದ ಮೇಲಿನ ಮನೆಗಳಿಗೆ ಕಡಲ ಮೀನು: ಕಡಿಮೆ ಖರ್ಚಿನಲ್ಲಿ ರಾತ್ರಿಯೂಟ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಗೆ ಕಡಲತೀರವಿಲ್ಲ. ಆದರೂ ಕಡಲ ಮೀನು ಇಲ್ಲಿನ ಊಟದಲ್ಲಿ ಬಹಳ ಹಿಂದಿನಿಂದಲೂ ಸ್ಥಾನ ಪಡೆದಿದೆ. ಸಂತೆಯಲ್ಲಿ ಕೊಂಡ ಒಣಮೀನು, ಬೀದಿಯ ತಿರುವಿನಲ್ಲಿ ಕೇಳಿಬರುವ ಮೀನಿನ ಗಾಡಿಯ ಹಾರನ್ ಸದ್ದು, ಸಂಜೆ ಒಲೆಯ ಮೇಲೆ ಕುದಿಯುವ ಹುಳಿಸಾರು ಇವೆಲ್ಲ ಮಲೆನಾಡಿನ ಮಾಂಸಾಹಾರಿ ಕುಟುಂಬಗಳಿಗೆ ಚಿರಪರಿಚಿತ. ಅಂಜಲ್, ಮಾಂಜಿಯಂತಹ ಮೀನುಗಳ ಬೆಲೆ ಕೂಲಿಕಾರರ ಹಾಗೂ ಸಣ್ಣ ಹಿಡುವಳಿದಾರರ ಕೈಗೆಟುಕುವಂತಿಲ್ಲದಿದ್ದರೂ ಬೂತಾಯಿ ಮತ್ತು ಬಂಗುಡೆಗಳು ಹಂಗಾಮಿನಲ್ಲಿ ಇಂದಿಗೂ ಸಾಮಾನ್ಯರ ಮೀನುಗಳಾಗಿಯೇ ಉಳಿದಿವೆ. ಆದರೆ ಅಗ್ಗವಾಗಿ ದೊರೆಯುವ ಈ ಮೀನುಗಳೇ ಅತಿ ಬೇಗ ಕೆಡುವ ಮೀನುಗಳೂ ಹೌದು. ಆದ್ದರಿಂದ ಘಟ್ಟದ ಮೇಲಿನ ಮನೆಯಲ್ಲಿ ಮಿತವ್ಯಯವೆಂದರೆ ಕಡಿಮೆ ದರಕ್ಕೆ ಕೊಳ್ಳುವುದಷ್ಟೇ ಅಲ್ಲ. ಕೊಂಡ ಮೀನನ್ನು ಅಂದೇ, ಅರಿತು ಬೇಯಿಸುವುದು.

ಘಟ್ಟ ಹತ್ತಿ ಬರುವ ದಾರಿಗಳು

ಮೂರು ಪಟ್ಟಣಗಳಿಗೂ ಕಡಲತೀರ ಹೆಚ್ಚು ಕಡಿಮೆ 100 ಕಿ.ಮೀ. ದೂರದಲ್ಲಿದೆ. ತೀರ್ಥಹಳ್ಳಿಗೆ ಆಗುಂಬೆ ಘಾಟಿಯ ಮೂಲಕ ಉಡುಪಿ ಹಾಗೂ ಮಲ್ಪೆ, ಹೊಸನಗರಕ್ಕೆ ಹುಲಿಕಲ್ ಘಾಟಿಯ ಮೂಲಕ ಕುಂದಾಪುರ ಹಾಗೂ ಗಂಗೊಳ್ಳಿ, ಸಾಗರಕ್ಕೆ ಜೋಗ ಮತ್ತು ಗೇರುಸೊಪ್ಪೆ ಮಾರ್ಗವಾಗಿ ಹೊನ್ನಾವರ ಸಮೀಪದ ಬಂದರು ಪ್ರದೇಶಗಳು. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ನಿರ್ಮಿಸಿದ ಸೇತುವೆಯು 2025ರ ಜುಲೈನಲ್ಲಿ ಸಂಚಾರಕ್ಕೆ ಮುಕ್ತವಾದ ಮೇಲೆ, ಸಾಗರದಿಂದ ತುಮರಿ ಮಾರ್ಗವಾಗಿ ಕೊಲ್ಲೂರಿನ ಕಡೆಗೆ ಲಾಂಚಿಗಾಗಿ ಕಾಯದೆ ಹೋಗುವ ಮತ್ತೊಂದು ದಾರಿಯೂ ತೆರೆದಿದೆ.

ದಾರಿಗಳು ಬೇರೆಯಾದಂತೆ ಮೀನಿನ ಹೆಸರುಗಳೂ ಬೇರೆಯಾಗುತ್ತವೆ. ತುಳುನಾಡಿನ ಬೂತಾಯಿಯು ಕುಂದಾಪುರದ ಕಡೆಯಿಂದ ಬಂದಾಗ ಬೈಗೆ, ಉತ್ತರ ಕನ್ನಡದ ಕಡೆಯಿಂದ ಬಂದಾಗ ತಾರ್ಲೆ. ಅಲ್ಲಿ ಅಂಜಲ್ ಎಂಬುದು ಇಲ್ಲಿ ಇಸವಾಣ. ಮಾಂಜಿ ಎಂಬುದು ಪಾಂಪ್ಲೆಟ್. ಸೀಗಡಿಗೂ ಯೆಟ್ಟಿ, ಚಟ್ಲಿ, ಸುಂಗಟ ಎಂಬ ಹೆಸರುಗಳಿವೆ. ಹೆಸರು ಬದಲಾದ ಮಾತ್ರಕ್ಕೆ ಮೀನು ಬದಲಾಗದು ಎಂಬ ತಿಳಿವಳಿಕೆಯಿದ್ದರೆ ಒಂದೇ ಮೀನಿಗೆ ಎರಡು ದರ ತೆರುವ ಪ್ರಸಂಗ ಬಾರದು.

ಯಾವಾಗ, ಯಾವ ಮೀನು

ಕರ್ನಾಟಕ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಾಭಿವೃದ್ಧಿಗೆ ಅವಕಾಶ ಕಲ್ಪಿಸುವುದು ಇದರ ಉದ್ದೇಶ. ಈ ಅವಧಿಯಲ್ಲಿ ನಾಡದೋಣಿಗಳ ಅಲ್ಪ ಮೀನು ಹಾಗೂ ಹೊರರಾಜ್ಯಗಳಿಂದ ಬರುವ ಮಂಜುಗಡ್ಡೆಯ ಮೀನು ಮಾತ್ರ ದೊರೆಯುವುದರಿಂದ ದರ ಏರುತ್ತದೆ. ಮೀನುಗಾರರು ಸಮುದ್ರಪೂಜೆ ನೆರವೇರಿಸುವ ನೂಲುಹುಣ್ಣಿಮೆಯ ನಂತರ ದೋಣಿಗಳು ಪೂರ್ಣ ಪ್ರಮಾಣದಲ್ಲಿ ಕಡಲಿಗಿಳಿಯುತ್ತವೆ. ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಜನವರಿಯವರೆಗೆ ಬೂತಾಯಿ, ಬಂಗುಡೆಗಳ ಸುಗ್ಗಿ. ಬೂತಾಯಿಯ ಇಳುವರಿ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುವ ಕಾರಣ ದರವೂ ಹಾಗೆಯೇ ಏರಿಳಿಯುತ್ತದೆ.

ವಾರದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಭಾನುವಾರ ಬೇಡಿಕೆ ಹೆಚ್ಚು. ಸೋಮವಾರ, ಶನಿವಾರಗಳಂದು ಹಾಗೂ ಶ್ರಾವಣದಲ್ಲಿ ಅನೇಕ ಮನೆಗಳಲ್ಲಿ ಮಾಂಸಾಹಾರ ವರ್ಜ್ಯವಾದ್ದರಿಂದ ಬೇಡಿಕೆ ಇಳಿಯುತ್ತದೆ. ವಾರದ ನಡುವೆ ಕೊಳ್ಳುವವರಿಗೆ ಚೌಕಾಸಿಗೆ ಅವಕಾಶ ಹೆಚ್ಚು.

ಅಗ್ಗದ ಮೀನು ಎಂದರೆ ಸತ್ವಹೀನ ಮೀನು ಎಂಬ ಭಾವನೆ ಸರಿಯಲ್ಲ. 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ 18ರಿಂದ 20 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಹೃದಯದ ಆರೋಗ್ಯಕ್ಕೆ ಹಿತವೆನ್ನಲಾದ ಒಮೆಗಾ-3 ಕೊಬ್ಬಿನಾಮ್ಲಗಳು ಈ ಎಣ್ಣೆಮೀನುಗಳಲ್ಲಿ ಹೇರಳವಾಗಿವೆ. ಮೃದುವಾಗಿ ಬೆಂದ ಸಣ್ಣ ಮೀನಿನ ಮುಳ್ಳನ್ನೂ ಅಗಿದು ತಿಂದರೆ ಸುಣ್ಣದ ಅಂಶವೂ ದೊರೆಯುತ್ತದೆ. ಇವುಗಳ ಹೊರತಾಗಿ ಕೊಡ್ಡಾಯಿ, ನಂಗು ಮೀನುಗಳೂ ಹಲವು ಬಾರಿ ಮಿತ ದರಕ್ಕೆ ಸಿಗುತ್ತವೆ. ಇಡೀ ಮೀನು ಕೊಂಡಾಗ ತಲೆ, ಕರುಳು, ರೆಕ್ಕೆಗಳಲ್ಲಿ ಮೂರನೆಯ ಒಂದು ಭಾಗದಷ್ಟು ತೂಕ ಕಳೆಯುತ್ತದೆ ಎಂಬುದನ್ನು ಗಮನದಲ್ಲಿಟ್ಟು, ನಾಲ್ಕೈದು ಜನರ ಕುಟುಂಬಕ್ಕೆ ಮುಕ್ಕಾಲು ಕಿಲೋ ಕೊಂಡರೆ ಸಾಕು. ಬಂಗುಡೆಯ ತಲೆಯನ್ನು ಎಸೆಯದೆ ಕಿವಿರು ತೆಗೆದು ಸಾರಿಗೆ ಹಾಕಿದರೆ ಸಾರಿನ ರುಚಿ ಹೆಚ್ಚುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ತಾಜಾ ಮೀನಿನ ಕಣ್ಣು ಉಬ್ಬಿ ತಿಳಿಯಾಗಿರುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳುತ್ತದೆ. ಕಡಲ ನೀರಿನ ವಾಸನೆಯ ಹೊರತು ಬೇರೆ ದುರ್ವಾಸನೆ ಇರುವುದಿಲ್ಲ. ಬೂತಾಯಿಯ ಹೊಟ್ಟೆ ಒಡೆದು ಕರುಳು ಹೊರಬಂದಿದ್ದರೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ಅಂತಹ ಮೀನನ್ನು ಯಾವ ದರಕ್ಕೂ ಕೊಳ್ಳತಕ್ಕದ್ದಲ್ಲ. ಮೀನಿನ ಮೇಲೆ ಸಾಕಷ್ಟು ಮಂಜುಗಡ್ಡೆ ಇದೆಯೇ ಎಂಬುದನ್ನೂ ನೋಡಬೇಕು. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಅಧಿಕಾರಿಗಳು ಫಾರ್ಮಾಲಿನ್ ಬೆರೆಸಿದ ಮೀನನ್ನು ಭಾರಿ ಪ್ರಮಾಣದಲ್ಲಿ ವಶಪಡಿಸಿಕೊಂಡ ಪ್ರಕರಣ ದೇಶದ ಗಮನ ಸೆಳೆದಿತ್ತು. ಮೀನನ್ನು ಕೆಡದಂತಿಡಲು ಫಾರ್ಮಾಲಿನ್ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಎಣ್ಣೆಮೀನುಗಳ ವಿಷಯದಲ್ಲಿ ಇನ್ನೊಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಬಂಗುಡೆ, ಬೂತಾಯಿಯಂತಹ ಮೀನುಗಳು ತಂಪಿಲ್ಲದೆ ಕೆಲವು ಗಂಟೆ ಉಳಿದರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಎಷ್ಟೇ ಕುದಿಸಿದರೂ, ಹುರಿದರೂ ಅದು ನಾಶವಾಗದು. ಊಟವಾದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತುರಿಕೆ, ತಲೆನೋವು, ವಾಂತಿ ಇದರ ಲಕ್ಷಣಗಳು. ಇದನ್ನು ಮೀನಿನ ಅಲರ್ಜಿಯೆಂದು ಭಾವಿಸುವುದುಂಟು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಸಾಲೆ ಹೆಚ್ಚಿಸಿ ಕೆಟ್ಟ ಮೀನಿನ ವಾಸನೆ ಮುಚ್ಚಬಹುದು, ವಿಷವನ್ನು ಮುಚ್ಚಲಾಗದು.

ಮನೆಗೆ ತಂದ ಕೂಡಲೇ ಕರುಳು ತೆಗೆದು, ತಣ್ಣೀರಿನಲ್ಲಿ ತೊಳೆದು, ಉಪ್ಪು ಅರಿಶಿನ ಸವರಿ ಬೇಗನೆ ಒಲೆಗೇರಿಸುವುದು ಉತ್ತಮ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಕೈಕೊಡುವ ಊರುಗಳಲ್ಲಿ ಫ್ರಿಜ್ಜನ್ನು ನಂಬಿ ಹೆಚ್ಚು ಮೀನು ಕೊಳ್ಳುವುದು ಲಾಭಕ್ಕಿಂತ ನಷ್ಟವೇ. ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ.

ಹಿತ್ತಲಿನ ಹುಳಿ

ಮೀನುಸಾರಿನ ಜೀವಾಳ ಹುಳಿ. ಪೇಟೆಯ ಹುಣಸೆಹಣ್ಣಿಗೆ ಹಣ ತೆರುವ ಅಗತ್ಯ ಮಲೆನಾಡಿನಲ್ಲಿ ಅಷ್ಟಾಗಿಲ್ಲ. ಬೇಸಿಗೆಯಲ್ಲಿ ಮಾವಿನಕಾಯಿ ಮತ್ತು ಮುರುಗಲು, ಮಳೆಗಾಲದಲ್ಲಿ ಅಮಟೆಕಾಯಿ ಹಾಗೂ ಉಪ್ಪಾಗೆ, ಹೆಚ್ಚಿ ಒಣಗಿಸಿಟ್ಟ ವಾಟೆ ವರ್ಷವಿಡೀ ಒದಗುತ್ತವೆ. ಉಪ್ಪಾಗೆಯ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿ ಬಾಟಲಿಯಲ್ಲಿ ತುಂಬಿಡುವ ಪದ್ಧತಿಯೂ ಇದೆ. ಅದರ ಒಂದು ಚಮಚ ಒಂದು ಪಾತ್ರೆ ಸಾರಿಗೆ ಸಾಕಾಗುತ್ತದೆ. ಜುಮ್ಮನಕಾಯಿಯು ಎಣ್ಣೆಮೀನಿನ ಜಿಡ್ಡು ವಾಸನೆಯನ್ನು ಕಳೆಯುವಲ್ಲಿ ಹೆಸರಾದುದು. ಒಳಗಿನ ಬೀಜವನ್ನು ತೆಗೆದು ಸಿಪ್ಪೆಯನ್ನಷ್ಟೇ ಬಳಸಬೇಕು.

ಬೂತಾಯಿ ಹುಳಿಸಾರು

ನಾಲ್ಕೈದು ಜನರಿಗೆ ಮುಕ್ಕಾಲು ಕಿಲೋ ಬೂತಾಯಿ, 10 ಒಣಮೆಣಸಿನಕಾಯಿ, ಒಂದೂವರೆ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಅರ್ಧ ಚಮಚ ಕಾಳುಮೆಣಸು, ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಚಿಟಿಕೆ ಅರಿಶಿನ, ನಾಲ್ಕೈದು ಚೂರು ವಾಟೆಹುಳಿ, ಐದಾರು ಜುಮ್ಮನಕಾಯಿ ಬೇಕು. ಮೆಣಸಿನಕಾಯಿ ಹಾಗೂ ಮಸಾಲೆ ಪದಾರ್ಥಗಳನ್ನು ಹದವಾದ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು, ಅರ್ಧ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನತುರಿ, ಅರಿಶಿನದೊಡನೆ ನುಣ್ಣಗೆ ರುಬ್ಬಬೇಕು. ಮೆಂತ್ಯ ಹೊತ್ತಿದರೆ ಸಾರು ಕಹಿಯಾಗುವುದು. ವಾಟೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡಬೇಕು.

ಮಣ್ಣಿನ ಮಡಕೆ ಅಥವಾ ಸ್ಟೀಲಿನ ಪಾತ್ರೆಯಲ್ಲಿ ರುಬ್ಬಿದ ಮಸಾಲೆ, ಹುಳಿ, ಹೆಚ್ಚಿದ ಉಳಿದ ಈರುಳ್ಳಿ, ಉಪ್ಪು, ಬೇಕಾದಷ್ಟು ನೀರು ಹಾಕಿ ಚೆನ್ನಾಗಿ ಕುದಿಸಬೇಕು. ಹಸಿವಾಸನೆ ಹೋದ ಮೇಲೆಯೇ ಮೀನು ಹಾಕತಕ್ಕದ್ದು. ಬೂತಾಯಿ ಏಳೆಂಟು ನಿಮಿಷಗಳಲ್ಲಿ ಬೇಯುತ್ತದೆ. ಸೌಟು ಹಾಕಿ ಕಲಕಿದರೆ ಮೀನು ಪುಡಿಯಾಗುವುದರಿಂದ ಪಾತ್ರೆಯನ್ನೇ ಹಿಡಿದು ಮೆಲ್ಲನೆ ತಿರುಗಿಸಬೇಕು. ಕೊನೆಯಲ್ಲಿ ಜಜ್ಜಿದ ಜುಮ್ಮನಕಾಯಿ ಹಾಗೂ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿಟ್ಟು, ಅರ್ಧ ಗಂಟೆಯ ನಂತರ ಬಡಿಸಿದರೆ ಮೀನಿಗೆ ಹುಳಿ ಖಾರ ಹಿಡಿದಿರುತ್ತದೆ. ಅನ್ನ, ಕಡುಬು, ಅಕ್ಕಿರೊಟ್ಟಿ ಮೂರಕ್ಕೂ ಇದು ಒಪ್ಪುತ್ತದೆ. ಹುಳಿಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ಉಳಿದ ಸಾರನ್ನು ಮರುದಿನ ಬೆಳಿಗ್ಗೆಗೆ ಇಡುವುದಾದರೆ ಫ್ರಿಜ್ಜಿನಲ್ಲಿಟ್ಟು, ತಿನ್ನುವಾಗ ಚೆನ್ನಾಗಿ ಕುದಿಸಬೇಕು.

ಕಡಿಮೆ ಎಣ್ಣೆಯ ಬಂಗುಡೆ

ಕರಿಯುವುದಕ್ಕಿಂತ ಕಾವಲಿಯ ಮೇಲೆ ಬೇಯಿಸುವುದು ಎಣ್ಣೆಯ ಖರ್ಚಿಗೂ ಆರೋಗ್ಯಕ್ಕೂ ಹಿತ. ಅರ್ಧ ಕಿಲೋ ಬಂಗುಡೆಯ ಎರಡೂ ಮಗ್ಗುಲಿಗೆ ಗೀರು ಹಾಕಿ, ಎರಡು ಚಮಚ ಮೆಣಸಿನ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಉಪ್ಪು, ಅರಿಶಿನಗಳನ್ನು ಹುಳಿನೀರಿನಲ್ಲಿ ಕಲಸಿ ಸವರಿ ಕಾಲು ಗಂಟೆ ಬಿಡಬೇಕು. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಎರಡು ಚಮಚ ಎಣ್ಣೆ ಸವರಿದ ಕಾವಲಿಯಲ್ಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಪ್ರತಿ ಮಗ್ಗುಲನ್ನು ಆರೇಳು ನಿಮಿಷ ಬೇಯಿಸಿದರೆ ಮೀನು ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಗರಿಗರಿಯಾಗಬೇಕೆನ್ನುವವರು ಎಲೆಯಿಲ್ಲದೆ, ಅಕ್ಕಿಹಿಟ್ಟು ಉದುರಿಸಿ ಹುರಿಯಬಹುದು.

ಮಳೆಗಾಲದ ಎರಡು ತಿಂಗಳು

ಕಡಲ ಮೀನು ದುಬಾರಿಯಾಗುವ ಜೂನ್, ಜುಲೈ ತಿಂಗಳುಗಳಿಗೆ ಮಲೆನಾಡಿನವರು ಬೇಸಿಗೆಯಲ್ಲೇ ಒಣಮೀನು ಕೂಡಿಡುತ್ತಿದ್ದರು. ಈ ಪದ್ಧತಿ ಇಂದಿಗೂ ಲಾಭದಾಯಕ. 50 ಗ್ರಾಂ ಒಣಸೀಗಡಿಯ ತಲೆ, ಕಾಲು ತೆಗೆದು ಬರಿ ಬಾಣಲೆಯಲ್ಲಿ ಗರಿಯಾಗಿ ಹುರಿದು, ಸುಟ್ಟ ಒಣಮೆಣಸು, ತೆಂಗಿನತುರಿ, ಈರುಳ್ಳಿ, ಸ್ವಲ್ಪ ಹುಳಿಯೊಡನೆ ತರಿತರಿಯಾಗಿ ಅರೆದರೆ ಇಡೀ ಮನೆಯ ಗಂಜಿಯೂಟಕ್ಕೆ ಚಟ್ನಿ ಸಿದ್ಧ. ಉಪ್ಪುಮೀನನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಬಳಸಬೇಕು. ಹೀಗೆ ಮಾಡಿದರೂ ಉಪ್ಪು ಪೂರ್ತಿ ಹೋಗದಾದ್ದರಿಂದ ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯಿರುವವರು ಇದನ್ನು ದೂರವಿಡುವುದು ಲೇಸು. ಬೂಸಲು ಹಿಡಿದ ಒಣಮೀನನ್ನು ಬಿಸಿಲಿಗಿಟ್ಟು ಬಳಸುವುದೂ ಸರಿಯಲ್ಲ.

ಸಿಹಿನೀರಿನ ಮೀನು ಇನ್ನೊಂದು ಆಸರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಹರಡಿದ್ದರೆ, ವಾರಾಹಿಯ ಮಾಣಿ ಜಲಾಶಯ ಹೊಸನಗರ ತಾಲ್ಲೂಕಿನಲ್ಲಿದೆ. ತುಂಗೆ ತೀರ್ಥಹಳ್ಳಿಯ ನಡುವೆ ಹರಿಯುತ್ತಾಳೆ. ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮೀನುಗಳನ್ನು ಉಪ್ಪು, ಅರಿಶಿನ, ಹುಳಿನೀರಿನಿಂದ ಎರಡು ಬಾರಿ ತೊಳೆದರೆ ಕೆಸರಿನ ವಾಸನೆ ತಗ್ಗುತ್ತದೆ. ಮೇಲೆ ಹೇಳಿದ ಹುಳಿಸಾರಿನ ಮಸಾಲೆಯೇ ಇದಕ್ಕೂ ಹೊಂದುತ್ತದೆ. ತುಂಡು ದಪ್ಪವಾದ್ದರಿಂದ 12ರಿಂದ 15 ನಿಮಿಷ ಬೇಯಿಸಬೇಕು.

ಬಿಟ್ಟರೆ ಮಾತ್ರ ಉಳಿಯುವ ಮೀನು

ಮುಂಗಾರಿನ ಮೊದಲ ಮಳೆಗಳಿಗೆ ಮೊಟ್ಟೆಯಿಡಲು ಹಳ್ಳ ಗದ್ದೆಗಳತ್ತ ಏರಿಬರುವ ಹತ್ತುಮೀನನ್ನು ಕೂಣಿಯೊಡ್ಡಿ, ಕಡಿದು ಹಿಡಿಯುವುದು ಮಲೆನಾಡಿನ ಹಳೆಯ ರೂಢಿ. ಇದು ಖರ್ಚಿಲ್ಲದ ಊಟವೆಂಬುದು ನಿಜವಾದರೂ ಮೊಟ್ಟೆ ತುಂಬಿದ ಒಂದು ಮೀನನ್ನು ಹಿಡಿದಾಗ ಮುಂದಿನ ವರ್ಷದ ಸಾವಿರಾರು ಮರಿಗಳನ್ನೂ ಹಿಡಿದಂತೆಯೇ. ಕಡಲಿನಲ್ಲಿ 61 ದಿನ ದೋಣಿಗಳನ್ನು ನಿಲ್ಲಿಸುವ ಕಾರಣವೇ ಹಳ್ಳಕ್ಕೂ ಅನ್ವಯಿಸುತ್ತದೆ. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿದೆ; ಅಂತಹ ಮೀನನ್ನು ಅಗ್ಗವೆಂದು ಕೊಳ್ಳುವುದೂ ಸಲ್ಲದು. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿರುವುದು ಇದಕ್ಕೆ ಮಾದರಿಯಾಗಿ ಕಣ್ಣೆದುರಿಗೇ ಇದೆ.

ಹಂಗಾಮಿನಲ್ಲಿ ತಾಜಾ ಬೂತಾಯಿ, ಮಳೆಗಾಲದಲ್ಲಿ ಹಿಡಿಯಷ್ಟು ಒಣಸೀಗಡಿ, ಹಿತ್ತಲಿನ ಹುಳಿ, ಅಂದಿನ ಮೀನು ಅಂದೇ ಎಂಬ ನಿಯಮ ಇವಿಷ್ಟಿದ್ದರೆ ದುಬಾರಿ ಮೀನಿಗೆ ಆಸೆಪಡದೆಯೂ ಘಟ್ಟದ ಮೇಲಿನ ಮನೆಯಲ್ಲಿ ತೃಪ್ತಿಯ ಊಟ ಸಾಧ್ಯ. ಮೀನು ಹಳತಾಗಿದೆ ಎಂಬ ಅನುಮಾನ ಬಂದ ದಿನ ಮಾತ್ರ ಗಾಡಿಯನ್ನು ಮುಂದೆ ಕಳಿಸಿ, ಅಂದಿನ ರಾತ್ರಿ ಸೊಪ್ಪಿನ ಸಾರಿನಲ್ಲಿ ಉಣ್ಣುವುದೇ ಎಲ್ಲಕ್ಕಿಂತ ಅಗ್ಗದ ದಾರಿ.