ಸುಂಕದವರ ತಂಡ

ಸೆನೆಗಲ್ ದೇಶದ ಸುಂಕ ಇಲಾಖೆಗೆ ಒಂದು ಬಾಸ್ಕೆಟ್‌ಬಾಲ್ ತಂಡವಿದೆ. ಹೆಸರು ಎಎಸ್ ದ್ವಾನ್, ಊರು ಡಕಾರ್. 2023ರ ಮೇ 27ರಂದು ಅದು ರುವಾಂಡದ ಕಿಗಾಲಿಯಲ್ಲಿ ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್‌ನ ಫೈನಲ್ ಆಡಿತು. ಎದುರಿಗಿದ್ದದ್ದು ಈಜಿಪ್ಟಿನ ಅಲ್ ಅಹ್ಲಿ. ದ್ವಾನ್ 80–65ರಿಂದ ಸೋತಿತು, ನಿಜ. ಆದರೆ ಪಶ್ಚಿಮ ಆಫ್ರಿಕಾದ ಕ್ಲಬ್ಬೊಂದು ಆ ಲೀಗ್‌ನ ಫೈನಲ್ ಮುಟ್ಟಿದ್ದು ಅದೇ ಮೊದಲು.

ಆ ತಂಡದ ಮೇಲೆ ನನಗೆ ಇಷ್ಟು ಅಕ್ಕರೆ ಯಾಕೆಂದರೆ, ನಾನೂ ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವನು. ಬೆಂಗಳೂರಿನ ಒಂದು ಬ್ಯಾಂಕ್ ತಂಡದಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದೆ. ಹಗಲು ಕೌಂಟರು, ಸಂಜೆ ಕೋರ್ಟು. ‘ಆಫೀಸ್ ತಂಡ ಅಂದರೆ ಹವ್ಯಾಸ, ವೃತ್ತಿಪರ ಆಟವೇ ಬೇರೆ’ ಎಂದು ಹೇಳುವವರನ್ನು ಆಗಲೂ ಕೇಳಿದ್ದೇನೆ, ಈಗಲೂ ಕೇಳುತ್ತಿದ್ದೇನೆ. ಡಕಾರಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಡಕಾರ್ ಬಂದರು ನಗರ. 1902ರಲ್ಲಿ ಫ್ರೆಂಚ್ ಪಶ್ಚಿಮ ಆಫ್ರಿಕಾಕ್ಕೆ ರಾಜಧಾನಿಯಾಯಿತು. ಫ್ರೆಂಚರ ಶಾಲೆಗಳು, ಮಿಷನ್ನುಗಳು, ಕ್ರೀಡಾಸಂಘಗಳು ಅಲ್ಲಿ ಬೇರೂರಿದವು. 1920ರ ದಶಕದಲ್ಲಿ ಕ್ಯಾಥೊಲಿಕ್ ಮಿಷನ್ನಿನ ಆಶ್ರಯದಲ್ಲಿ ಹುಟ್ಟಿದ ಜಾನ್ ದಾರ್ಕ್ ಕ್ಲಬ್ ಇಂದಿಗೂ ಇದೆ. 1960ರಲ್ಲಿ ಸ್ವಾತಂತ್ರ್ಯ ಬಂತು. ಎಂಟೇ ವರ್ಷದಲ್ಲಿ, 1968ರಲ್ಲಿ, ಸೆನೆಗಲ್ ಪುರುಷರ ತಂಡ ಆಫ್ರಿಕಾದ ಚಾಂಪಿಯನ್ ಆಗಿ ಮೆಕ್ಸಿಕೊ ಒಲಿಂಪಿಕ್ಸ್‌ಗೂ ಹೋಯಿತು. 1972, 1978, 1980, 1997ರಲ್ಲಿ ಮತ್ತೆ ಆಫ್ರಿಕಾದ ಕಿರೀಟ. ಮಹಿಳೆಯರದಂತೂ ಇನ್ನೂ ದೊಡ್ಡ ಸಾಧನೆ: ಹನ್ನೊಂದು ಸಲ ಆಫ್ರಿಕಾದ ಚಾಂಪಿಯನ್ನರು. ಫುಟ್‌ಬಾಲ್ ಹುಚ್ಚಿನ ಆ ದೇಶಕ್ಕೆ ಮೊದಲು ಆಫ್ರಿಕಾದ ಕಪ್ ತಂದುಕೊಟ್ಟದ್ದು ಬಾಸ್ಕೆಟ್‌ಬಾಲ್.

ಇಷ್ಟೆಲ್ಲ ಗೆದ್ದವರಿಗೆ ಅನ್ನ ಕೊಟ್ಟವರು ಯಾರು? ಟಿಕೆಟ್ ದುಡ್ಡಿನಲ್ಲಿ ಕ್ಲಬ್ ನಡೆಯುವಂತಿರಲಿಲ್ಲ, ಟಿವಿ ಹಕ್ಕಿನ ಹಣವೆಂಬುದು ಹೆಸರಿಗೂ ಇರಲಿಲ್ಲ. ತಿಂಗಳು ತಿಂಗಳು ತಪ್ಪದೆ ಸಂಬಳ ಬಟವಾಡೆ ಮಾಡಬಲ್ಲದ್ದು ಸರ್ಕಾರವೊಂದೇ. ಹಾಗಾಗಿ ಡಕಾರಿನ ಕ್ಲಬ್ಬುಗಳ ಪಟ್ಟಿ ಓದಿದರೆ ಸರ್ಕಾರದ ಇಲಾಖೆಗಳ ಪಟ್ಟಿ ಓದಿದಂತಾಗುತ್ತದೆ: ಸೇನೆಗೊಂದು, ಪೊಲೀಸರಿಗೊಂದು, ಸುಂಕದವರಿಗೊಂದು. ವಿಶ್ವವಿದ್ಯಾಲಯದ ನಂಟಿನ ಡಿಯುಸಿ ಇದೆ. ಹಳೆಯ ಸಂಘಗಳನ್ನು ಕೂಡಿಸಿದ 1969ರ ಸುಧಾರಣೆಯಲ್ಲಿ ರೂಪುಗೊಂಡ ಜರಾಫ್‌ನಂಥ ಊರಿನ ಕ್ಲಬ್ಬುಗಳೂ ಇವೆ.

ಇವುಗಳಲ್ಲಿ ಸುಂಕದ ಇಲಾಖೆಯ ಬಲವೇ ಬೇರೆ. ಸಮುದ್ರವೇ ಇಲ್ಲದ ನೆರೆಯ ಮಾಲಿ ದೇಶದ ಸರಕಿನ ದೊಡ್ಡ ಪಾಲೂ ಡಕಾರ್ ಬಂದರಿಗೇ ಬಂದಿಳಿಯುತ್ತದೆ. ಬೊಕ್ಕಸ ತುಂಬುವ ಮುಖ್ಯ ಇಲಾಖೆಗಳಲ್ಲಿ ಇದೊಂದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎನ್ನುತ್ತದೆ ನಮ್ಮ ಗಾದೆ. ಡಕಾರಿನ ಸುಂಕದವರು ಆಟಗಾರರ ಸುಖದುಃಖವನ್ನು ತಮ್ಮದೆಂದುಕೊಂಡರು. ಅವರ ಫುಟ್‌ಬಾಲ್ ತಂಡ 2006, 2007, 2008ರಲ್ಲಿ ಸತತ ಮೂರು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಅಭಿಮಾನಿಗಳು ‘ಗಾಬೆಲು’ ಎಂದು ಕರೆಯುವ ಬಾಸ್ಕೆಟ್‌ಬಾಲ್ ತಂಡ ಮಾರಿಯುಸ್ ಎನ್‌ಡಿಯಾಯ್ ಕ್ರೀಡಾಂಗಣದಲ್ಲಿ ಡಿಯುಸಿಯಂಥ ಎದುರಾಳಿಗಳ ಜೊತೆ ಸೆಣಸಿ ದೇಶದ ಮುಂಚೂಣಿಗೆ ಬಂತು.

ಅದೇ ಹೊತ್ತಿಗೆ ದೇಶದ ಎತ್ತರದ ಹುಡುಗರು ಅಮೆರಿಕದ ದಾರಿ ಹಿಡಿದಿದ್ದರು. ಅಮಾದು ಗಾಲೊ ಫಾಲ್ ತಿಯೆಸ್ ಪಟ್ಟಣದಲ್ಲಿ ಕಟ್ಟಿದ ಸೀಡ್ ಅಕಾಡೆಮಿ ಓದು, ಆಟ ಎರಡನ್ನೂ ಕಲಿಸಿ ಅವರನ್ನು ಅಲ್ಲಿನ ಕಾಲೇಜುಗಳಿಗೆ ಕಳಿಸಿತು. ಆ ಅಕಾಡೆಮಿಯಲ್ಲಿ ಕಲಿತ ಗೋರ್ಗಿ ಜೆಂಗ್ 2013ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಸೇರಿದ. ಇದು ಹೆಮ್ಮೆಯ ಮಾತೇ. ಆದರೆ ಒಬ್ಬ ಜೆಂಗ್ ಹೋದ ಮೇಲೆ ಊರಲ್ಲೇ ಉಳಿಯುವ ನೂರಾರು ಹುಡುಗರ ಆಟವನ್ನು ಯಾರಾದರೂ ಕಾಯಬೇಕಲ್ಲ? ಅದನ್ನು ಕಾದದ್ದು ಇಲಾಖೆಯ ಕ್ಲಬ್ಬುಗಳು.

ಮುಂದೆ ಅದೇ ಫಾಲ್ ಅಧ್ಯಕ್ಷತೆಯಲ್ಲಿ, ಎನ್‌ಬಿಎ ಮತ್ತು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ಸೇರಿ ಆಫ್ರಿಕಾ ಲೀಗ್ ಕಟ್ಟಿದವು. ಆರು ದೇಶಗಳ ಚಾಂಪಿಯನ್ನರಿಗೆ ಅರ್ಹತಾ ಪಂದ್ಯವಿಲ್ಲದೆ ನೇರ ಪ್ರವೇಶವಿತ್ತು. ಸೆನೆಗಲ್‌ನಿಂದ ದ್ವಾನ್ ಹೋಗಬೇಕಿತ್ತು. ಮೊದಲ ಪಂದ್ಯ 2020ರ ಮಾರ್ಚ್ 13ಕ್ಕೆ, ಅವರದೇ ನಾಡಿನಲ್ಲಿ, 15,000 ಆಸನಗಳ ಹೊಸ ಡಕಾರ್ ಅರೇನಾದಲ್ಲಿ ಎಂದು ನಿಗದಿಯಾಗಿತ್ತು. ಕೋವಿಡ್ ಎಲ್ಲವನ್ನೂ ನಿಲ್ಲಿಸಿತು. 2021ರ ಮೇ ತಿಂಗಳಲ್ಲಿ ಲೀಗ್ ಕಿಗಾಲಿಯಲ್ಲಿ ಶುರುವಾದಾಗ ದ್ವಾನ್ ಕ್ವಾರ್ಟರ್ ಫೈನಲ್‌ನಲ್ಲಿ ಟ್ಯುನೀಷಿಯಾದ ಮೊನಾಸ್ಟಿರ್ ತಂಡಕ್ಕೆ ಸೋತಿತು. ಮರುವರ್ಷ ಸೆನೆಗಲ್‌ನ ಸ್ಥಾನ ಡಿಯುಸಿಗೆ ಹೋಯಿತು.

2023ರಲ್ಲಿ ದ್ವಾನ್ ಮರಳಿತು. ಮಾರ್ಚ್‌ನಲ್ಲಿ ಡಕಾರ್ ಅರೇನಾದಲ್ಲಿ ನಡೆದ ಗುಂಪು ಹಂತದಲ್ಲೇ ಹಾಲಿ ಚಾಂಪಿಯನ್ ಮೊನಾಸ್ಟಿರ್ ಹೊರಬಿತ್ತು. ದ್ವಾನ್ ಮುಂದೆ ಹೋಯಿತು. ‘ಪಾಬಿ’ ಎಂದೇ ಹೆಸರಾದ ಮಾಮಾದು ಗೇಯ್ ಕೋಚ್. ವಿದೇಶಿ ಆಟಗಾರರ ಸಂಖ್ಯೆಗೆ ಲೀಗ್ ಮಿತಿ ಹಾಕಿರುವುದರಿಂದ ತಂಡದ ಬೆನ್ನೆಲುಬು ಊರಿನವರೇ ಆಗಿರಬೇಕು. ಅಮೆರಿಕದ ಕ್ರಿಸ್ ಕ್ರಾಫರ್ಡ್ ಜೊತೆ ಸೆನೆಗಲ್‌ನದೇ ಗಾರ್ಡ್ ಜಾನ್ ಜಾಕ್ ಬುವಾಸಿ ಮಿಂಚಿದ. ಸೆಮಿಫೈನಲ್‌ನಲ್ಲಿ ಅವರು ಹಿಂದಿನ ವರ್ಷದ ಫೈನಲಿಸ್ಟ್, ಅಂಗೋಲಾದ ಪೆಟ್ರೊ ದ ಲುವಾಂಡವನ್ನು ಮಣಿಸಿದರು. ಅದೇ ಸಲ ಮಾಲಿಯ ಸ್ತಾದ್ ಮಾಲಿಯೆನ್ ಮೂರನೆಯ ಸ್ಥಾನ ಗಳಿಸಿತು. ಉತ್ತರದ ದೊಡ್ಡ ಕ್ಲಬ್ಬುಗಳದೇ ದರ್ಬಾರು ಎಂದು ನಂಬಿದ್ದವರಿಗೆ ಪಶ್ಚಿಮ ಆಫ್ರಿಕಾ ಉತ್ತರ ಕೊಟ್ಟಿತ್ತು.

ಹೊಸ ಲೀಗ್ ಹೊಸ ಪೇಟೆಯನ್ನೂ ತೆರೆಯಿತು. ಬುವಾಸಿ ಲಿಬಿಯಾದ ಅಲ್ ಅಹ್ಲಿ ಟ್ರಿಪೋಲಿ ಸೇರಿ, 2025ರಲ್ಲಿ ಆ ತಂಡವನ್ನು ಚಾಂಪಿಯನ್ ಮಾಡಿ, ಲೀಗ್‌ನ ಅತ್ಯುತ್ತಮ ಆಟಗಾರನಾದ. ಆ ವರ್ಷ ಸೆನೆಗಲ್ ಪರವಾಗಿ ಆಡಿದ್ದು ವಿಲ್ ದ ಡಕಾರ್ ಎಂಬ ಇನ್ನೊಂದು ಕ್ಲಬ್. ಹೆಚ್ಚು ಹಣ ಕೊಡುವವರ ಕಡೆಗೆ ಆಟಗಾರ ಹೋಗುವುದು ನ್ಯಾಯವೇ. ಅವನ ಕಾಲುಗಳಿಗೆ ಆಯುಸ್ಸು ಕಡಿಮೆ. ಆದರೆ ಅವನು ಅಷ್ಟು ದೂರ ಹೋಗುವಂತೆ ಬೆಳೆದ ನೆಲ ಯಾವುದು ಎಂಬುದನ್ನು ಮರೆಯಬಾರದು.

ಬೆಂಗಳೂರಿನಲ್ಲಿ ದೊಡ್ಡ ಹೆಸರು ಮಾಡಿದ್ದ ವಿಜಯ ಬ್ಯಾಂಕ್ ತಂಡದ ಹೆಸರು 2019ರ ಬ್ಯಾಂಕ್ ವಿಲೀನದೊಂದಿಗೆ ಅಳಿಸಿಹೋಯಿತು. ನಮ್ಮಲ್ಲಿ ಹುಟ್ಟಿ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿದ ವೃತ್ತಿಪರ ಲೀಗ್‌ಗಳೂ ಇವೆ. ಇದನ್ನು ಕಂಡವನಾಗಿ ನಾನು ನಂಬುವುದಿಷ್ಟು: ಪ್ರಾಯೋಜಕರು ಒಂದು ಸೀಸನ್ ಲೆಕ್ಕ ಹಾಕುತ್ತಾರೆ, ಇಲಾಖೆ ಆಟಗಾರನ ನಿವೃತ್ತಿಯವರೆಗಿನ ಲೆಕ್ಕ ಹಾಕುತ್ತದೆ. ಡಕಾರಿನಲ್ಲಿ ಲೀಗ್ ಬಂದದ್ದು ಆಫೀಸ್ ತಂಡವನ್ನು ಕೆಡವಿಯಲ್ಲ, ಅದರ ಹೆಗಲ ಮೇಲೆ ನಿಂತು. ಬಾಸ್ಕೆಟ್‌ಬಾಲನ್ನು ವೃತ್ತಿಯಾಗಿಸಲು ಹೊರಟ ಎಲ್ಲರೂ ಮೊದಲು ಆ ಹೆಗಲನ್ನು ಗಟ್ಟಿ ಮಾಡಲಿ.